ಫೆನ್‌ವೇ ಪಾರ್ಕ್‌ಗೆ ಹೋಗುವ ಮುಂಚೆ ಕಂಬದ ಬಗ್ಗೆ ವಿಚಾರಿಸಿ

ಬಾಸ್ಟನ್‌ನಲ್ಲಿರುವ ಅಕ್ಕನ ಮನೆಗೆ ಹೋದಾಗ ಅಲ್ಲಿನ ಮೈದಾನ ಫೆನ್‌ವೇ ಪಾರ್ಕ್‌ನಲ್ಲಿ ಬೇಸ್‌ಬಾಲ್ ನೋಡಲೇಬೇಕು ಅಂತ ಹಟ ಹಿಡಿದವಳು ನಾನೇ. ಟಿಕೆಟ್ ಮರುಮಾರಾಟ ಮಾಡುವ ಒಂದು ಜಾಲತಾಣದಲ್ಲಿ ತಲಾ 120 ಡಾಲರ್ ಕೊಟ್ಟೆವು. ಹೋಗಿ ಕೂತರೆ ಎದುರಿಗೇ ಕಬ್ಬಿಣದ ಕಂಬ! ಎಡಕ್ಕೆ ವಾಲಿದರೆ ಬ್ಯಾಟರ್ ಕಾಣುತ್ತಾನೆ, ಬಲಕ್ಕೆ ವಾಲಿದರೆ ಚೆಂಡು ಎಸೆಯುವ ಪಿಚರ್. ಇಬ್ಬರೂ ಒಟ್ಟಿಗೆ ಕಾಣಲೇ ಇಲ್ಲ. ಕಂಬ ಅಡ್ಡ ಬರುತ್ತೆ ಅಂತ ಮಾರಿದವರು ಎಲ್ಲೂ ಹೇಳಿರಲಿಲ್ಲ. ತುಂಬಾ ಸಿಟ್ಟು ಬಂತು.

ಈ ಮೈದಾನ ಶುರುವಾಗಿದ್ದು 1912ರಲ್ಲಿ. ಹಳೇ ಚಾವಣಿ ಕಂಬಗಳ ಮೇಲೇ ನಿಂತಿದೆ. ಹಾಗಾಗಿ ಚಾವಣಿ ಕೆಳಗಿನ ಗ್ರ್ಯಾಂಡ್‌ಸ್ಟ್ಯಾಂಡ್ ಸೀಟು ಕೊಳ್ಳುವುದಾದರೆ ಸೀಟ್ ನಂಬರ್ ಹಿಡಿದು ಅಲ್ಲಿಂದ ಏನು ಕಾಣುತ್ತೆ ಅಂತ ಮೊದಲು ಹುಡುಕಿ ನೋಡಿ.

ಆದರೆ ಆ ಸೀಟಿನಿಂದಲೇ ಒಂದು ಒಳ್ಳೆಯದೂ ಆಯಿತು. ಪಕ್ಕದಲ್ಲಿ ಆ ಊರಿನ ಒಬ್ಬ ಅಜ್ಜಿ ಕೂತಿದ್ದರು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಬರುತ್ತಿದ್ದರಂತೆ. ಎಡಗಡೆಯ 37 ಅಡಿ ಎತ್ತರದ ಹಸಿರು ಗೋಡೆ, ಗ್ರೀನ್ ಮಾನ್‌ಸ್ಟರ್, ತೋರಿಸಿದರು. ಅದರ ಬುಡದಲ್ಲಿರುವ ಸ್ಕೋರ್‌ಬೋರ್ಡ್‌ನ ಹಿಂದೆ ಮನುಷ್ಯರು ಕೂತು ಇವತ್ತಿಗೂ ಕೈಯಲ್ಲೇ ಅಂಕಿ ಬದಲಾಯಿಸುತ್ತಾರೆ. ಈ ಊರಿನ ರೆಡ್ ಸಾಕ್ಸ್ ತಂಡ 1918ರಲ್ಲಿ ಅಮೆರಿಕದ ಬೇಸ್‌ಬಾಲ್ ಚಾಂಪಿಯನ್ ಪಟ್ಟ ವರ್ಲ್ಡ್ ಸೀರೀಸ್ ಗೆದ್ದಿತ್ತು. ಮರುವರ್ಷದ ಕೊನೆಗೆ ತಂಡದ ದೊಡ್ಡ ಆಟಗಾರ ಬೇಬ್ ರೂತ್‌ನನ್ನು ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಮಾರಿದರು. 1918ರ ಆ ಗೆಲುವಿನ ನಂತರ 86 ವರ್ಷ ವರ್ಲ್ಡ್ ಸೀರೀಸ್ ಕೈಗೆ ಬರಲೇ ಇಲ್ಲ. ಅದು ಅವನ ಶಾಪ ಅಂತ ಊರಿನ ಜನ ಹೇಳಿಕೊಂಡು ಬಂದರು. 2004ರಲ್ಲಿ ಕೊನೆಗೂ ಗೆದ್ದಾಗ ಅಜ್ಜಿಯ ಅಪ್ಪ ಇರಲಿಲ್ಲ. ಮರುದಿನ ಬೆಳಿಗ್ಗೆ ಸಮಾಧಿಗೆ ಹೋಗಿ ಒಂದು ಟೋಪಿ ಇಟ್ಟು ಬಂದರಂತೆ. ಇದನ್ನು ಹೇಳುವಾಗಲೂ ಅವರ ಕಣ್ಣು ಆಟದ ಮೇಲೇ ಇತ್ತು.

ಊಟ ಹೊರಗಡೆಯೇ ಮುಗಿಸಿ. ಲ್ಯಾನ್ಸ್‌ಡೌನ್ ರಸ್ತೆಯ ತಳ್ಳುಗಾಡಿಗಳಲ್ಲಿ ಈರುಳ್ಳಿ, ದೊಣ್ಣೆಮೆಣಸಿನಕಾಯಿ ಕಾವಲಿ ಮೇಲೆ ಚುರುಚುರು ಅನ್ನುತ್ತಿರುತ್ತೆ. ಆ ವಾಸನೆ ಬೀದಿ ತುದಿವರೆಗೂ ಬರುತ್ತೆ. ಭಾವ ಸಾಸೇಜ್ ತಿಂದರು. ಅಕ್ಕ ಮಾಂಸ ತಿನ್ನಲ್ಲ, ಬರೀ ಈರುಳ್ಳಿ ಮೆಣಸಿನಕಾಯಿ ಹಾಕಿ ಕೊಡ್ತೀರಾ ಅಂತ ಕೇಳಿದಳು. ಗಾಡಿಯವರು ಸ್ವಲ್ಪವೂ ಬೇಸರ ಮಾಡಿಕೊಳ್ಳಲಿಲ್ಲ. ಕಾವಲಿಯ ಒಂದು ಮೂಲೆ ಕೆರೆದು ಶುದ್ಧ ಮಾಡಿ, ಹೊಸದಾಗಿ ಈರುಳ್ಳಿ ಹಾಕಿ, ಅಂಚು ಕಪ್ಪಾಗುವವರೆಗೆ ಹುರಿದು, ಬ್ರೆಡ್ಡನ್ನೂ ಬಿಸಿ ಮಾಡಿ, ಸಾಸಿವೆ ಗೊಜ್ಜು ಸವರಿ ಕೊಟ್ಟರು. ದುಡ್ಡು ಅರ್ಧವೇ ತೆಗೆದುಕೊಂಡರು. ನಾನೂ ಅದನ್ನೇ ಎರಡು ತಿಂದೆ. ಆ ಪ್ರವಾಸದಲ್ಲಿ ತಿಂದದ್ದರಲ್ಲೆಲ್ಲ ಅದೇ ರುಚಿ.

ಕಾರು ಬೇಡ, ಪಾರ್ಕಿಂಗ್ ವಿಪರೀತ ದುಬಾರಿ. ಗ್ರೀನ್ ಲೈನ್ ರೈಲಿನಲ್ಲಿ ಬಿ, ಸಿ ಅಥವಾ ಡಿ ಹತ್ತಿ ಕೆನ್‌ಮೋರ್‌ನಲ್ಲಿ ಇಳಿಯಿರಿ. ಇ ರೈಲು ಅಲ್ಲಿಗೆ ಹೋಗಲ್ಲ. ಬೆನ್ನಿನ ಬ್ಯಾಗ್ ಒಳಗೆ ಬಿಡಲ್ಲ, ಮನೆಯಲ್ಲೇ ಇಟ್ಟು ಬನ್ನಿ. ಆಟ ಮುಗಿದ ಮೇಲೆ ಸ್ಟೇಷನ್‌ನಲ್ಲಿ ಕಾಲಿಡಲು ಜಾಗ ಇರಲ್ಲ. ನನಗೆ ನೂಕುನುಗ್ಗಲು ಆಗಲ್ಲ, ಹಾಗಾಗಿ ಕಾಪ್ಲಿ ಸ್ಟೇಷನ್‌ವರೆಗೂ ನಡೆದೆವು.

ಮುಂದಿನ ವಾರ ಬ್ಲೀಚರ್, ಅಂದರೆ ಚಾವಣಿ ಇಲ್ಲದ ಸೀಟುಗಳ ಟಿಕೆಟ್ ತೆಗೆದುಕೊಂಡು ಮತ್ತೆ ಹೋದೆವು. ಬಿಸಿಲು ಜಾಸ್ತಿ, ಆದರೆ ಕಂಬ ಇಲ್ಲ, ರೇಟೂ ಕಡಿಮೆ. ನಾನು ಹೇಳುವುದು ಇದನ್ನೇ. ಗೇಟ್ ತೆಗೆಯುವ ಹೊತ್ತಿಗೇ ಹೋಗಿ, 42ನೇ ಸೆಕ್ಷನ್‌ನ 37ನೇ ಸಾಲು ಹತ್ತಿ. ಹಸಿರು ಸೀಟುಗಳ ಮಧ್ಯೆ ಒಂದೇ ಒಂದು ಕೆಂಪು ಸೀಟು ಸಿಗುತ್ತೆ. 1946ರ ಜೂನ್ 9ರಂದು ರೆಡ್ ಸಾಕ್ಸ್ ಆಟಗಾರ ಟೆಡ್ ವಿಲಿಯಮ್ಸ್ ಹೊಡೆದ ಚೆಂಡು 502 ಅಡಿ ದೂರ ಬಂದು, ಅಲ್ಲಿ ಕೂತಿದ್ದವರ ಹುಲ್ಲಿನ ಟೋಪಿಯನ್ನೇ ತೂತು ಮಾಡಿತ್ತು. ನಾನು ಅದರ ಪಕ್ಕ ನಿಂತು ಹೋಮ್ ಪ್ಲೇಟ್ ಕಡೆ ನೋಡಿದೆ. ಅಲ್ಲಿ ಅಭ್ಯಾಸ ಮಾಡುತ್ತಿದ್ದ ಬ್ಯಾಟರ್ ಹೆಬ್ಬೆರಳಿನಷ್ಟು ಕಾಣುತ್ತಿದ್ದ.