ನಲ್ಲಿ ಪೈಪಿನ ಫೋಮ್ ಗನ್ನಿನಿಂದ ಕಾರು ತೊಳೆಯುವುದು: ಕೆಲಸ ಎಲ್ಲಿವರೆಗೆ ಬಂತು

ನೀರನ್ನು ಜೋರಾಗಿ ಚಿಮ್ಮಿಸುವ ಪ್ರೆಶರ್ ವಾಷರ್ ಯಂತ್ರ ಇಲ್ಲದೆ, ನಲ್ಲಿ ಪೈಪಿಗೆ ಸಿಕ್ಕಿಸಿ ನೊರೆ ಹೊಡೆಯುವ ಫೋಮ್ ಗನ್ ಒಂದನ್ನೇ ನಂಬಿಕೊಂಡು ಮನೆಯಲ್ಲಿ ಕಾರನ್ನು ಗೀರು ಬೀಳದ ಹಾಗೆ ತೊಳೆಯಬಹುದಾ? ಕೆಲವು ತಿಂಗಳಿಂದ ಇದನ್ನೇ ಪಟ್ಟು ಹಿಡಿದು ನೋಡುತ್ತಿದ್ದೇನೆ. ಆಗುತ್ತದೆ ಅಂತ ಈಗ ಧೈರ್ಯವಾಗಿ ಹೇಳುತ್ತೇನೆ. ಆದರೆ ನೊರೆಯನ್ನು ಯಾವಾಗ ಬಳಸಬೇಕು ಅನ್ನುವುದರಲ್ಲೇ ಎಲ್ಲ ಗುಟ್ಟು ಇದೆ. ಈ ಸಲ ಅದನ್ನೇ ಬಿಡಿಸಿ ಬರೆಯುತ್ತೇನೆ.

ಗನ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಗನ್ನಿನ ಒಳಗೆ ನೀರಿನ ದಾರಿ ಒಂದು ಕಡೆ ಕಿರಿದಾಗುತ್ತದೆ. ಅಲ್ಲಿ ನೀರಿನ ವೇಗ ಏರುತ್ತದೆ, ಒತ್ತಡ ಇಳಿಯುತ್ತದೆ. ಒತ್ತಡ ಇಳಿದಾಗ ಕೆಳಗಿನ ಬಾಟಲಿಯ ಶಾಂಪೂ ನೀರು ಸಣ್ಣ ಕೊಳವೆಯಲ್ಲಿ ತಾನೇ ಮೇಲೇರಿ ಬರುತ್ತದೆ. ಇಟಲಿಯ ಭೌತವಿಜ್ಞಾನಿ ಜೊವಾನಿ ಬಟಿಸ್ಟಾ ವೆಂಚುರಿ (1746–1822) ಹೆಸರಿನಲ್ಲಿ ಇದನ್ನು ವೆಂಚುರಿ ಪರಿಣಾಮ ಅನ್ನುತ್ತಾರೆ. ಮೋಟಾರು ಇಲ್ಲ, ಕರೆಂಟು ಬೇಡ. ನಲ್ಲಿಯಲ್ಲಿ ಇರುವ ಒತ್ತಡವೇ ಬಂಡವಾಳ.

ಆ ಬಂಡವಾಳ ಚಿಕ್ಕದು. ಒತ್ತಡವನ್ನು ಬಾರ್ ಅನ್ನುವ ಮಾನದಲ್ಲಿ ಅಳೆಯುತ್ತಾರೆ. ಮನೆ ಬಳಕೆಯ ಪ್ರೆಶರ್ ವಾಷರ್ ಸುಲಭವಾಗಿ 100 ಬಾರ್ ದಾಟುತ್ತದೆ. ಮನೆಯ ನಲ್ಲಿಯಲ್ಲಿ 2ರಿಂದ 4 ಬಾರ್ ಸಿಕ್ಕರೆ ಒಳ್ಳೆಯದು. ನೀರು ಮೇಲಿನ ಟ್ಯಾಂಕಿನಿಂದ ಇಳಿದು ಬರುತ್ತಿದ್ದರೆ ಇನ್ನೂ ಕಡಿಮೆ. ನೀರಿನ ಮಟ್ಟ ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ಸುಮಾರು 1 ಬಾರ್, 6 ಮೀಟರ್ ಇದ್ದರೆ 0.6 ಬಾರ್, ಅಷ್ಟೇ. ಹಾಗಾಗಿ ವಿಡಿಯೊಗಳಲ್ಲಿ ಕಾಣುವ ಶೇವಿಂಗ್ ಕ್ರೀಮಿನಂಥ ದಪ್ಪ ನೊರೆ ನಲ್ಲಿ ಪೈಪಿನಿಂದ ಬರುವುದಿಲ್ಲ. ಬರುವುದು ತೆಳು ನೊರೆ, ಬೇಗ ಜಾರುವ ನೊರೆ. ಇದನ್ನು ಒಪ್ಪಿಕೊಂಡು ಮುಂದೆ ಹೋದರೆ ಕೆಲಸ ಹಗುರಾಗುತ್ತದೆ.

ನೀರಿನ ಹರಿವು

10 ಲೀಟರ್ ಬಕೆಟ್ ಇಟ್ಟು, ಫೋನಿನಲ್ಲಿ ಸಮಯ ನೋಡಿಕೊಂಡು ಅಳೆದೆ. ಬರೀ ಪೈಪಿನಿಂದ ಬಕೆಟ್ ತುಂಬಲು 50 ಸೆಕೆಂಡು, ಅಂದರೆ ನಿಮಿಷಕ್ಕೆ 12 ಲೀಟರ್. ಗನ್ ಸಿಕ್ಕಿಸಿದ ಮೇಲೆ 80 ಸೆಕೆಂಡು, ಅಂದರೆ ನಿಮಿಷಕ್ಕೆ ಏಳೂವರೆ ಲೀಟರ್. ಗನ್ನಿನ ಕಿರಿದಾದ ದಾರಿ ಅಷ್ಟನ್ನು ತಡೆಯುತ್ತದೆ.

ಆಮೇಲೆ ಉದ್ದದ ಅರ್ಧ ಇಂಚಿನ ಪೈಪನ್ನು ತೆಗೆದು, ಕಾರಿನ ಸುತ್ತ ಬರುವಷ್ಟೇ ಉದ್ದದ ಮುಕ್ಕಾಲು ಇಂಚಿನ ಪೈಪು ಹಾಕಿದೆ. ಪೈಪು ಸಣ್ಣದಾದಷ್ಟೂ, ಉದ್ದವಾದಷ್ಟೂ ಒತ್ತಡ ದಾರಿಯಲ್ಲೇ ಸೋರಿಹೋಗುತ್ತದೆ. ವ್ಯತ್ಯಾಸ ಕಣ್ಣಿಗೇ ಕಂಡಿತು: ಬಾನೆಟ್ಟಿನ ಒಂದು ಪಕ್ಕದಲ್ಲಿ ನಿಂತು ಹೊಡೆದರೆ ನೊರೆ ಈಗ ಆಚೆ ಪಕ್ಕಕ್ಕೆ ಮುಟ್ಟುತ್ತದೆ. ಕನೆಕ್ಟರಿನೊಳಗಿನ ರಬ್ಬರ್ ವಾಷರ್‌ಗಳನ್ನೂ ಬದಲಿಸಿದೆ. ಹಳೆಯವು ಗಟ್ಟಿಯಾಗಿ ಸೀಳು ಬಿಟ್ಟಿದ್ದವು. ಕಡಿಮೆ ಒತ್ತಡದಲ್ಲಿ ಕೆಲಸ ಮಾಡುವಾಗ ಹನಿ ಹನಿ ಸೋರಿಕೆಯೂ ಲೆಕ್ಕಕ್ಕೆ ಬರುತ್ತದೆ.

ಶಾಂಪೂ ಎಷ್ಟು?

ಬಾಟಲಿಯಲ್ಲಿ ಎಷ್ಟು ಶಾಂಪೂ ಹಾಕಿದಿರಿ ಅನ್ನುವುದಕ್ಕಿಂತ ಕಾರಿನ ಮೈಮೇಲೆ ಎಷ್ಟು ಬಿತ್ತು ಅನ್ನುವುದು ಮುಖ್ಯ. ಗನ್ ಮತ್ತೆ ನೀರು ಬೆರೆಸುತ್ತದಲ್ಲ. ಇದನ್ನೂ ಬಕೆಟ್ಟಿನಲ್ಲೇ ಅಳೆಯಬಹುದು. 1 ಲೀಟರ್ ಬಾಟಲಿಗೆ 100 ಮಿ.ಲೀ. ಶಾಂಪೂ, ಉಳಿದದ್ದು ನೀರು. ಎಷ್ಟು ಶಾಂಪೂ ಎಳೆಯಬೇಕು ಅಂತ ಹೊಂದಿಸುವ ಗನ್ನಿನ ಡಯಲನ್ನು ಹೆಚ್ಚು ಎಳೆಯುವ ಕಡೆಗೆ ತಿರುಗಿಸಿ 10 ಲೀಟರ್ ಬಕೆಟ್ ತುಂಬಿಸಿದೆ. ಬಾಟಲಿಯಲ್ಲಿ 650 ಮಿ.ಲೀ. ಇಳಿದಿತ್ತು, ಅಂದರೆ 65 ಮಿ.ಲೀ. ಶಾಂಪೂ 10 ಲೀಟರಿಗೆ ಹೋಯಿತು: ನೂರಕ್ಕೆ 0.65. ಡಯಲನ್ನು ಕಡಿಮೆ ಎಳೆಯುವ ಕೊನೆಗೆ ತಿರುಗಿಸಿದರೆ ಇಳಿದದ್ದು 200 ಮಿ.ಲೀ., ಅಂದರೆ ನೂರಕ್ಕೆ ಬರೀ 0.2. ಡಯಲ್ ಒಂದರಿಂದಲೇ ಮೂರು ಪಟ್ಟು ವ್ಯತ್ಯಾಸ! ಯಾವ ಶಾಂಪೂ ಒಳ್ಳೆಯದು ಅಂತ ಚರ್ಚೆ ಮಾಡುವ ಮೊದಲು ಎಲ್ಲರೂ ಇದನ್ನು ಅಳೆದು ನೋಡಬೇಕು ಅಂತ ನನ್ನ ಬಲವಾದ ಅನಿಸಿಕೆ.

ಶಾಂಪೂವನ್ನು ಹಾಗೇ ಗಟ್ಟಿಯಾಗಿ ಬಾಟಲಿಗೆ ಸುರಿದರೆ ಪ್ರಯೋಜನವಿಲ್ಲ. ಈ ಒತ್ತಡಕ್ಕೆ ಅಷ್ಟು ಮಂದವಾದದ್ದು ಕೊಳವೆಯಲ್ಲಿ ಸರಿಯಾಗಿ ಏರುವುದಿಲ್ಲ. ಬಾಟಲಿಗೆ ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಶಾಂಪೂ, ಮೆಲ್ಲಗೆ ಅತ್ತಿತ್ತ ವಾಲಿಸಿ ಬೆರೆಸುವುದು. ಶಾಂಪೂ ಮೊದಲು ಹಾಕಿ ಮೇಲಿಂದ ನೀರು ಬಿಟ್ಟರೆ ನೊರೆಯೆಲ್ಲ ಬಾಟಲಿಯಲ್ಲೇ ಎದ್ದುಬಿಡುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ. ಜಿಡ್ಡು ತೆಗೆಯಲೆಂದೇ ಮಾಡಿದ್ದು ಅದು, ಕಾರಿನ ಮೇಲಿನ ವ್ಯಾಕ್ಸನ್ನೂ ಸವೆಸುತ್ತದೆ. ಪಿಎಚ್ ನ್ಯೂಟ್ರಲ್ (ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ) ಅಂತ ಬರೆದಿರುವ ಕಾರ್ ಶಾಂಪೂ ಸಾಕು. ನೀರು ಗಡಸಾಗಿದ್ದರೆ ನೊರೆ ಸ್ವಲ್ಪ ಕಡಿಮೆ ಬರುತ್ತದೆ, ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದಕ್ಕೆ ಕಾರಣ.

ಒಂದೇ ಬಾಗಿಲು, ಎರಡು ಭಾಗ

ಈ ಕೆಲಸದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟ ಭಾಗ ಇದು. ಹಿಂದಿನ ಬಾಗಿಲಿನ ನಡುವೆ ಮೇಲಿಂದ ಕೆಳಗೆ ಪೇಂಟರ್‌ಗಳು ಬಳಸುವ ಪೇಪರ್ ಟೇಪ್ ಅಂಟಿಸಿದೆ. ಎಡಭಾಗಕ್ಕೆ ಬರೀ ನೀರು. ಬಲಭಾಗಕ್ಕೆ ನೊರೆ ಹೊಡೆದು ನಾಲ್ಕು ನಿಮಿಷ ಬಿಟ್ಟು, ಆಮೇಲೆ ನೀರು. ಕೈ ಎಲ್ಲೂ ತಾಗಿಸಲಿಲ್ಲ.

ನೊರೆ ಬಿದ್ದ ಕಡೆಯನ್ನು ಬಗ್ಗಿ ಹತ್ತಿರದಿಂದ ನೋಡುತ್ತಾ ಕೂತೆ. ಮೊದಲ ನಿಮಿಷ ಎಲ್ಲ ಬೆಳ್ಳಗೆ. ಎರಡನೇ ನಿಮಿಷಕ್ಕೆ ಹಿಡಿಕೆಯ ಕೆಳಗೆ ನೊರೆ ಒಡೆದು ಬಣ್ಣ ಕಾಣಿಸತೊಡಗಿತು. ಅಲ್ಲಿಂದ ಸಣ್ಣ ಸಣ್ಣ ಕಂದು ಗೆರೆಗಳು ಕೆಳಗಿಳಿದವು. ಬಾಗಿಲಿನ ತಳದ ಅಂಚಿನಲ್ಲಿ ನೊರೆ ತೂಗಿಕೊಂಡು ನಿಂತು, ಬಣ್ಣ ಕೆಡುತ್ತಾ ಹೋಗಿ, ಹನಿಯಾಗಿ ಬಿತ್ತು. ಆ ಹನಿಯನ್ನು ಬಿಳಿ ತಟ್ಟೆಯಲ್ಲಿ ಹಿಡಿದರೆ ತಳದಲ್ಲಿ ಮರಳಿನ ಕಣಗಳು. ಅಂದರೆ ನೊರೆ ಕೆಲಸ ಮಾಡುತ್ತಿದೆ, ಸಂದೇಹವಿಲ್ಲ.

ಆದರೆ ನೀರು ಬಿಟ್ಟ ಮೇಲೆ ಎರಡೂ ಕಡೆ ಬೇರೆ ಬೇರೆ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿದೆ. ಬಾಗಿಲಿನ ಮೇಲಿನ ಅರ್ಧದಲ್ಲಿ ಎರಡು ಬಟ್ಟೆಗೂ ಹೆಚ್ಚು ಕಡಿಮೆ ಒಂದೇ ಬೂದು ಬಣ್ಣ ಹತ್ತಿತು. ರಸ್ತೆಯ ಹೊಗೆ, ಎಣ್ಣೆ, ನುಣ್ಣನೆ ಧೂಳು ಸೇರಿ ಕೂತ ತೆಳು ಪದರ ಅದು. ಕೈ ತಾಗಿಸದೆ ಅದು ಬಿಡುವುದಿಲ್ಲ. ಕೆಳಗಿನ ಅರ್ಧದಲ್ಲಿ, ಒಣಗಿದ ಕೆಸರು ಇದ್ದ ಕಡೆ, ನೊರೆಯ ಭಾಗ ನಿಚ್ಚಳವಾಗಿ ಗೆದ್ದಿತು.

ಹಾಗಾದರೆ ನಲ್ಲಿ ಪೈಪಿನ ನೊರೆಯನ್ನು ಇಡೀ ಕಾರಿಗೆ ಹೊಡೆದು ಸುಮ್ನೆ ಕಾಯುವುದರಲ್ಲಿ ಲಾಭ ಕಡಿಮೆ. ಅದರ ನಿಜವಾದ ಜಾಗ ಮಿಟ್ಟಿನ (ಕಾರು ಉಜ್ಜಲು ಕೈಗೆ ಹಾಕಿಕೊಳ್ಳುವ ಮೆತ್ತನೆಯ ಗವಸು) ಜೊತೆಗೆ, ಕೈ ಓಡುತ್ತಿರುವ ಹೊತ್ತಿನಲ್ಲಿ. ಕಾರಿನ ಬಣ್ಣದ ಮೇಲಿನ ಪಾರದರ್ಶಕ ಪದರದ, ಅಂದರೆ ಕ್ಲಿಯರ್ ಕೋಟಿನ ದಪ್ಪ ಸಾಮಾನ್ಯವಾಗಿ 50 ಮೈಕ್ರಾನ್ ಆಸುಪಾಸು, ಅಂದರೆ ಒಂದು ಮಿಲಿಮೀಟರಿನಲ್ಲಿ 20ನೇ ಒಂದು ಭಾಗ. ಅದರ ಮೇಲೆ ಮರಳಿನ ಕಣವನ್ನು ಒತ್ತಿ ಉಜ್ಜಿದರೆ ಗೀರು ಖಂಡಿತ. ಬಿಸಿಲಿನಲ್ಲಿ ಜೇಡರ ಬಲೆ ಹಾಗೆ ಹೊಳೆಯುವ ಗೆರೆಗಳು ಹೀಗೇ ಹುಟ್ಟುತ್ತವೆ. ಬಣ್ಣಕ್ಕೂ ಮಿಟ್ಟಿಗೂ ನಡುವೆ ಸದಾ ಜಾರುವ ಒಂದು ಪದರ ಇರುವ ಹಾಗೆ ನೋಡಿಕೊಳ್ಳಬೇಕು. ತೆಳು ನೊರೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು, ಏಕೆಂದರೆ ಅದರಲ್ಲಿ ನೀರು ಜಾಸ್ತಿ.

ಈಗಿನ ಕ್ರಮ

ಕಾರು ನೆರಳಿನಲ್ಲಿ, ಬಾನೆಟ್ ತಣ್ಣಗಾದ ಮೇಲೆಯೇ ಶುರು. ಮೊದಲು ಚಕ್ರಗಳು, ಅವಕ್ಕೆ ಬೇರೆ ಬಕೆಟ್, ಬೇರೆ ಬ್ರಷ್. ಬ್ರೇಕಿನ ಪುಡಿಯಲ್ಲಿ ಕಬ್ಬಿಣದ ಕಣಗಳಿರುತ್ತವೆ, ಆ ಬ್ರಷ್ ಬಣ್ಣದ ಹತ್ತಿರ ಬರಲೇಬಾರದು. ಆಮೇಲೆ ಬರೀ ನೀರಿನಲ್ಲಿ ಮೇಲಿಂದ ಕೆಳಗೆ ಸಾವಧಾನವಾಗಿ ತೊಳೆಯುವುದು. ಇಲ್ಲಿ ಆತುರ ಬೇಡ, ಸಡಿಲ ಧೂಳೆಲ್ಲ ಹೋಗುವುದು ಈ ಹಂತದಲ್ಲೇ. ನೊರೆ ಹೊಡೆದು ಕಾಯುವುದು ಬಾಗಿಲಿನ ಕೆಳಭಾಗ, ಬಂಪರ್, ಚಕ್ರದ ಹಿಂದಿನ ಭಾಗಕ್ಕೆ ಮಾತ್ರ. ಮೂರು ನಾಲ್ಕು ನಿಮಿಷ, ಒಣಗುವ ಮೊದಲೇ ನೀರು.

ಮಿಟ್ ಹಿಡಿದ ಮೇಲೆ ಒಂದು ಸಲಕ್ಕೆ ಒಂದೇ ಭಾಗ. ಚಾವಣಿಯ ಅರ್ಧಕ್ಕೆ ನೊರೆ, ಅಲ್ಲಿ ಮಿಟ್, ಆಮೇಲೆ ಉಳಿದರ್ಧ. ಉಜ್ಜುವುದು ನೇರ ಗೆರೆಯಲ್ಲಿ, ಮಿಟ್ಟಿನ ಭಾರವೇ ಸಾಕು, ಒತ್ತಬಾರದು. ನೊರೆ ಇಳಿದುಹೋದರೆ ಕೈಗೆ ತಕ್ಷಣ ಗೊತ್ತಾಗುತ್ತದೆ. ಜಾರುತ್ತಿದ್ದ ಮಿಟ್ ಸ್ವಲ್ಪ ಹಿಡಿದಂತಾಗುತ್ತದೆ. ಅಲ್ಲೇ ನಿಲ್ಲಿಸಿ ಇನ್ನೊಂದು ಸಲ ಟ್ರಿಗರ್ ಒತ್ತಿದರೆ ಆಯಿತು. ಬಕೆಟ್ಟಿಗೆ ಓಡಬೇಕಾಗಿಲ್ಲ, ಬಾಟಲಿ ಕೈಯಲ್ಲೇ ಇದೆ. ಪ್ರೆಶರ್ ವಾಷರ್‌ನಲ್ಲಿ ಇಷ್ಟು ಸಲೀಸು ಇಲ್ಲ, ಪ್ರತಿ ಸಲ ಆ ಭಾರದ ಪೈಪು, ಆ ಸದ್ದು. ಒಂದು ಭಾಗ ಮುಗಿದಾಗ ಮಿಟ್ಟನ್ನು ಬರೀ ನೀರಿನ ಬಕೆಟ್ಟಿನಲ್ಲಿ ಅದ್ದಿ ಹಿಂಡುವುದು. ಆ ಬಕೆಟ್ಟಿನ ತಳಕ್ಕೆ ಜಾಲರಿ ಹಾಕಿದ್ದೇನೆ, ಕೆಳಗೆ ಕೂತ ಮಣ್ಣು ಮತ್ತೆ ಮೇಲೇಳುವುದಿಲ್ಲ. ಬಾಗಿಲಿನ ಕೆಳಗಿನ ಭಾಗ, ಬಂಪರ್ ಕೊನೆಗೆ.

ಕೊನೆಯ ನೀರಿಗೆ ಗನ್ ತೆಗೆದು, ಪೈಪಿನ ಬಾಯಿಯನ್ನು ಚಾವಣಿಯ ಹತ್ತಿರ ಹಿಡಿದು ಮೆಲ್ಲಗೆ ಹರಿಯಬಿಡುತ್ತೇನೆ. ಸಿಂಪಡಿಸಿದ ನೀರು ಹನಿಹನಿಯಾಗಿ ನಿಲ್ಲುತ್ತದೆ. ಹೀಗೆ ಹರಿಬಿಟ್ಟ ನೀರು ಒಟ್ಟಾಗಿ ಜಾರಿ ಇಳಿಯುತ್ತದೆ, ಒರೆಸುವ ಕೆಲಸ ಅರ್ಧ ಉಳಿಯುತ್ತದೆ. ಗಡಸು ನೀರಿನ ಬಿಳಿ ಕಲೆಯೂ ಕಡಿಮೆ. ಉಳಿದದ್ದಕ್ಕೆ ದಪ್ಪನೆಯ ಮೈಕ್ರೋಫೈಬರ್ ಟವೆಲ್, ಹರಡಿ ಒತ್ತಿ ತೆಗೆಯುವುದು.

ಗನ್ನಿನ ಆರೈಕೆ

ಕೆಲಸ ಮುಗಿದ ಮೇಲೆ ಬಾಟಲಿಗೆ ಬರೀ ನೀರು ತುಂಬಿ ಒಂದು ನಿಮಿಷ ಹೊಡೆಯಬೇಕು. ಒಣಗಿದ ಶಾಂಪೂ ಸಣ್ಣ ತೂತನ್ನು ಮುಚ್ಚಿದರೆ ಮುಂದಿನ ಸಲ ಗನ್ ಎಳೆಯುವುದೇ ಇಲ್ಲ. ನೀರು ಒಳಬರುವ ಕಡೆಯ ಜಾಲರಿಯಲ್ಲಿ ಮರಳು ಸಿಕ್ಕಿರುತ್ತದೆ, ಅದನ್ನೂ ಹಳೆ ಟೂತ್‌ಬ್ರಷ್ಷಿನಲ್ಲಿ ಉಜ್ಜಬೇಕು.

ಇನ್ನೊಂದು ಮಾತು, ಇದು ಮುಖ್ಯ. ಬಾಟಲಿ ಸಿಕ್ಕಿಸಿದ ಗನ್ನನ್ನು ಪೈಪಿನಲ್ಲೇ ಬಿಟ್ಟು ಹೋಗಬಾರದು. ಲೈನಿನಲ್ಲಿ ಒತ್ತಡ ತಟ್ಟನೆ ಇಳಿದರೆ ಶಾಂಪೂ ನೀರು ಹಿಂದಕ್ಕೆ, ಮನೆಯ ನೀರಿಗೆ ಹೋಗಬಹುದು. ನಲ್ಲಿಯ ಹತ್ತಿರ ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವ್ ಹಾಕಿದ್ದೇನೆ. ಚಿಕ್ಕ ಸಾಮಾನು, ಎಲ್ಲರೂ ಹಾಕಿಸಬೇಕು. ತೊಳೆದ ನೀರು ಮಳೆನೀರಿನ ಚರಂಡಿಗೆ ಬೀಳದ ಹಾಗೂ ನೋಡಿಕೊಳ್ಳಿ. ಮಳೆನೀರಿನ ಚರಂಡಿ ಸಾಮಾನ್ಯವಾಗಿ ಶುದ್ಧ ಮಾಡುವ ಘಟಕಕ್ಕೆ ಹೋಗುವುದಿಲ್ಲ, ನೇರ ಕೆರೆ, ಹೊಳೆಗೆ ಸೇರುತ್ತದೆ.

ಮುಂದಿನ ಹಂತಕ್ಕೆ ಕೈಯಿಂದ ಪಂಪ್ ಮಾಡುವ 2 ಲೀಟರಿನ ಫೋಮ್ ಸ್ಪ್ರೇಯರ್ ತಂದಿಟ್ಟಿದ್ದೇನೆ. ಅದರಲ್ಲಿ ನಲ್ಲಿ ನೀರು ಬೆರೆಯುವುದಿಲ್ಲ, ಬಾಟಲಿಯಲ್ಲಿ ಎಷ್ಟು ಗಟ್ಟಿ ಇದೆಯೋ ಅಷ್ಟೇ ಗಟ್ಟಿಯಾಗಿ ಕಾರಿಗೆ ಬೀಳುತ್ತದೆ. ಕೆಸರು ಕಟ್ಟಿದ ಕೆಳಭಾಗಕ್ಕೆ ಅದು, ಮಿಟ್ಟಿನ ಜೊತೆಗೆ ನಲ್ಲಿ ಪೈಪಿನ ಗನ್. ಅದೇ ಹಿಂದಿನ ಬಾಗಿಲಿಗೆ ಮತ್ತೆ ಟೇಪ್ ಅಂಟಿಸಿ, ಈ ಸಲ ಒಂದು ಕಡೆ ನೂರಕ್ಕೆ 0.65, ಇನ್ನೊಂದು ಕಡೆ ನೂರಕ್ಕೆ 3 ಹೊಡೆದು, ಬಿಳಿ ಬಟ್ಟೆಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತೇನೆ.