ಎರಡೂವರೆ ರೀಡೋ, ಮೂರೋ?

ಜುಲೈ 14, 2024, ಭಾನುವಾರ, ಮಂಗಳೂರು

ಬೆಳಗ್ಗಿನಿಂದ ಒಂದೇ ಸಮನೆ ಮಳೆ. ಆಲ್ಟೊ ಸ್ಯಾಕ್ಸೊಫೋನ್ ತೆಗೆದು 2, 2.5, 3 ನಂಬರಿನ ರೀಡ್‌ಗಳನ್ನು (ಊದುವ ಮೌತ್‌ಪೀಸಿಗೆ ಕಟ್ಟುವ, ಕಂಪಿಸಿ ನಾದ ಕೊಡುವ ತೆಳು ಪಟ್ಟಿ; ನಂಬರ್ ಹೆಚ್ಚಿದಷ್ಟೂ ಗಟ್ಟಿ) ಒಂದಾದ ಮೇಲೊಂದು ಹಾಕಿ ಅದೇ ಮೋಹನ ರಾಗದ ವರ್ಣವನ್ನೇ ನುಡಿಸುತ್ತಾ ಕೂತೆ. ಮನೆಯವರ ತಾಳ್ಮೆ ದೊಡ್ಡದು.

ಎರಡು ನಂಬರಿನಲ್ಲಿ ಉಸಿರು ತಾಗಿದರೆ ಸಾಕು, ನಾದ ಬರುತ್ತದೆ. ಮಂದ್ರದ ಸ್ವರಗಳಂತೂ ಸಲೀಸು. ಆದರೆ ತಾರಸ್ಥಾಯಿಗೆ ಹೋದರೆ ಶ್ರುತಿ ಇಳಿಯುತ್ತದೆ, ಸರಿಮಾಡೋಣ ಅಂತ ತುಟಿ ಬಿಗಿ ಹಿಡಿದರೆ ರೀಡ್ ಮೌತ್‌ಪೀಸಿಗೆ ಅಂಟಿಕೊಂಡು ಸದ್ದೇ ನಿಂತುಹೋಗುತ್ತದೆ. ಮೂರರಲ್ಲಿ ಮೇಲಿನ ಷಡ್ಜ ಅಲುಗಾಡದೆ ನಿಲ್ಲುತ್ತದೆ, ನಾದವೂ ತುಂಬಿಕೊಂಡಿರುತ್ತದೆ. ಮೆಲ್ಲಗೆ ಶುರುಮಾಡಿದಾಗ ಮಾತ್ರ ಸ್ವರಕ್ಕಿಂತ ಮೊದಲು ಗಾಳಿ ಬರುತ್ತದೆ, ಸ್ವಲ್ಪ ಹೊತ್ತಿಗೇ ತುಟಿ ಸೋಲುತ್ತದೆ.

ನಿಜವಾದ ಪರೀಕ್ಷೆ ತೋಡಿ ರಾಗದ ಗಾಂಧಾರ, ಅಂದರೆ ಓಲಾಡಿಸಿ ನುಡಿಸಬೇಕಾದ 'ಗ' ಸ್ವರ. ಕೀಲಿ ಒತ್ತಿ ನುಡಿಸುವ ವಾದ್ಯ ಇದು, ಸ್ವರಗಳು ಮೆಟ್ಟಿಲು ಮೆಟ್ಟಿಲಾಗಿ ಬರುತ್ತವೆ. ಆ ಓಲಾಟ, ಅಂದರೆ ಗಮಕ, ಬೇಕಾದರೆ ಬೆರಳಿನ ಜೊತೆ ತುಟಿ, ದವಡೆಯನ್ನೂ ಸಡಿಲಿಸಿ ಸ್ವರವನ್ನು ಜಾರಿಸಬೇಕು. ಮೂರು ನಂಬರ್ ನನ್ನ ತುಟಿಗೆ ಬಗ್ಗಲೇ ಇಲ್ಲ. ಎರಡೂವರೆ ಬಗ್ಗಿತು, ಬಗ್ಗಿ ಮತ್ತೆ ಜಾಗಕ್ಕೂ ಬಂತು. ಸ್ಯಾಕ್ಸೊಫೋನ್ ವಿದ್ವಾಂಸ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮನಸೋತು, ವರ್ಷಗಟ್ಟಲೆ ಒದ್ದಾಡಿ ಇದರಲ್ಲಿ ಗಮಕ ತಂದರು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲೂ ನುಡಿಸಿದರು. ಆ ಒದ್ದಾಟ ಎಂಥದ್ದು ಅಂತ ಒಂದು ಗಾಂಧಾರ ಹಿಡಿಯಲು ಕೂತರೆ ಗೊತ್ತಾಗುತ್ತದೆ.

ನಮ್ಮ ಕಡೆ ಮದುವೆಗಳಲ್ಲಿ ನುಡಿಸುವ ವಾದ್ಯದ ಸೆಟ್ಟಿನ ಹುಡುಗರಲ್ಲಿ ಒಂದು ಜಂಬ ಇದೆ, ನಂಬರ್ ಜಾಸ್ತಿಯಾದಷ್ಟೂ ವಿದ್ವಾಂಸ ಅಂತ. ಸುಮ್ನೆ ಮಾತು. ಒಂದು ಕಂಪನಿಯ ಒಂದೇ ನಮೂನೆಯ ರೀಡ್‌ಗಳನ್ನೆಲ್ಲ ಒಂದೇ ಅಳತೆಗೆ ಕೆತ್ತಿ, ಆಮೇಲೆ ಎಷ್ಟು ಬಗ್ಗುತ್ತದೆ ಅಂತ ನೋಡಿ ನಂಬರ್ ಹಾಕುತ್ತಾರೆ. ದಪ್ಪಕ್ಕೂ ಅದಕ್ಕೂ ಸಂಬಂಧ ಇಲ್ಲ. ಕಂಪನಿ ಬದಲಾದರೆ ನಂಬರೂ ಹೊಂದುವುದಿಲ್ಲ: ವ್ಯಾಂಡೊರೆನ್ ಕಂಪನಿಯ ನೀಲಿ ಬಾಕ್ಸಿನ ಎರಡೂವರೆ, ರಿಕೊ ಕಂಪನಿಯ ಎರಡೂವರೆಗಿಂತ ಗಟ್ಟಿ. ಮೌತ್‌ಪೀಸಿನ ಬಾಯಿ (ಅದರ ತುದಿಗೂ ರೀಡಿಗೂ ನಡುವಿನ ಸಂದು) ಅಗಲವಿದ್ದರೆ ಮೆದು ರೀಡ್, ಕಿರಿದಾಗಿದ್ದರೆ ಗಟ್ಟಿ ರೀಡ್. ಅದನ್ನು ಬಿಟ್ಟು ಬರೀ ನಂಬರ್ ಹೇಳಿದರೆ ಏನರ್ಥ, ಅಲ್ವಾ?

ಇನ್ನು ಈ ಮಳೆ. ರೀಡ್ ಅಂದರೆ ಕೊನೆಗೂ ಜೊಂಡಿನ ತುಂಡು, ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ತುದಿ ಅಲೆಅಲೆಯಾಗಿ ಸೊಟ್ಟಗಾಗುತ್ತದೆ. ಇಲ್ಲಿಯ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ತುಳು ತಿಂಗಳು) ಬೂಸ್ಟು ಬೇರೆ ಹಿಡಿಯುತ್ತದೆ. ನುಡಿಸಿದ ಮೇಲೆ ಒರೆಸಿ, ಚಪ್ಪಟೆ ಕೇಸಿನಲ್ಲಿ ಇಡಬೇಕು. ಒಂದನ್ನೇ ದಿನಾ ಸವೆಸದೆ ನಾಲ್ಕನ್ನು ಸರದಿಯಲ್ಲಿ ಹಾಕಬೇಕು.

ನಾಳೆಯಿಂದ ತೋಡಿಗೆ ಎರಡೂವರೆ. ಮೂರು ನಂಬರ್ ಬೆಳಗ್ಗೆ ಸ್ವಲ್ಪ ಹೊತ್ತು, ಬರೀ ದೀರ್ಘ ಸ್ವರ ಹಿಡಿಯೋಕೆ ಮಾತ್ರ. ಎರಡು ನಂಬರಿನದ್ದು ತೆರೆಯದ ಬಾಕ್ಸ್ ಒಂದಿದೆ, ಹೊಸದಾಗಿ ಕಲಿಯುವವರು ಯಾರಾದರೂ ಇದ್ದರೆ ಹೇಳಿ, ಕೊಡುತ್ತೇನೆ.