ರಿಜಿಸ್ಟರ್‌ನಲ್ಲಿ ಇಲ್ಲದ ಕಾಲಂ

ಮಂಗಳವಾರ ಬೆಳಗ್ಗೆ ಹನ್ನೊಂದು ಗಂಟೆ ಇರಬಹುದು. ನಮ್ಮ ತಾಲೂಕು ಆಸ್ಪತ್ರೆಯ ಫಾರ್ಮಸಿ ಕಿಟಕಿ ಮುಂದೆ ಒಬ್ಬ ಅಜ್ಜಿ ಬಂದು ನಿಂತರು. ಪಕ್ಕದಲ್ಲಿ ಎಂಟು ವರ್ಷದ ಮೊಮ್ಮಗ. ಅವನ ಮೀನಖಂಡಕ್ಕೆ ಅರಿಶಿನ ಮೆತ್ತಿದ್ದರು. ಸಿಸ್ಟರ್ ಅವನನ್ನು ನಲ್ಲಿ ಹತ್ತಿರ ಕೂರಿಸಿ, ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದರು. ಅರಿಶಿನ ಹೋದ ಮೇಲೆ ನಾಯಿ ಕಚ್ಚಿದ ನಾಲ್ಕು ಹಲ್ಲಿನ ಗುರುತು ಕಾಣಿಸಿತು. ಒಂದರಲ್ಲಿ ಇನ್ನೂ ರಕ್ತ ಒಸರುತ್ತಿತ್ತು.

"ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ತೀರೇನಪ್ಪಾ?" ಅಂತ ಅಜ್ಜಿ ಹುಡುಗನಿಗೆ ಕೇಳಿಸದ ಹಾಗೆ ಕೇಳಿದರು. ಆ ಹಳೇ ರೇಬೀಸ್ ಲಸಿಕೆಯ ತಯಾರಿ ನಮ್ಮ ದೇಶದಲ್ಲಿ 2004ರ ಕೊನೆಗೇ ನಿಂತಿದೆ. ಹಳ್ಳಿಗಳಲ್ಲಿ ಅದರ ಹೆದರಿಕೆ ಮಾತ್ರ ಇನ್ನೂ ಹೋಗಿಲ್ಲ. "ಇಲ್ಲ ಅಜ್ಜಿ, ಈಗ ತೋಳಿಗೆ ಅಷ್ಟೇ" ಅಂದೆ. ಅದನ್ನು ಹೇಳಿದ ಬಾಯಲ್ಲೇ ಇನ್ನೊಂದು ಮಾತೂ ಹೇಳಬೇಕಾಯಿತು. "ಆದರೆ ಇವತ್ತು ಇಂಜೆಕ್ಷನ್ ಖಾಲಿಯಾಗಿದೆ."

ಡಾಕ್ಟರ್ ಗಾಯದ ಸುತ್ತ, ರೇಬೀಸ್ ವೈರಸ್ಸನ್ನು ಅಲ್ಲೇ ತಡೆಯುವ ಸೀರಂ ಹಾಕಿದರು. ಲಸಿಕೆಗೆ ಜಿಲ್ಲಾಸ್ಪತ್ರೆಗೆ ಬರೆದುಕೊಟ್ಟರು. ಅಜ್ಜಿ ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸಿದರು. ಅವರಿಗೆ ಬಸ್ಸು ಫ್ರೀ. ಮೊಮ್ಮಗನಿಗೆ ಅರ್ಧ ಟಿಕೆಟ್. "ಸಂಜೆ ಒಳಗೆ ವಾಪಸ್ ಬರ್ಬೋದಾ? ಇವನಮ್ಮ ಕೂಲಿಗೆ ಹೋಗವ್ಳೆ, ಅವಳಿಗೆ ಗೊತ್ತಿಲ್ಲ" ಅಂದರು. ನಾನು ತಲೆಯಾಡಿಸಿದೆ. ಅವರು ಬಸ್ ಸ್ಟ್ಯಾಂಡ್ ಕಡೆ ಹೋಗುವವರೆಗೂ ಕಿಟಕಿಯಿಂದ ನೋಡುತ್ತಾ ನಿಂತಿದ್ದೆ. ಹುಡುಗ ಕುಂಟುತ್ತಿದ್ದ.

ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೇ ಇಲ್ಲ ಅನ್ನಬಹುದು. ಕಚ್ಚಿದ ತಕ್ಷಣ ಗಾಯ ತೊಳೆದು, ಸರಿಯಾಗಿ ಲಸಿಕೆ ಕೊಟ್ಟರೆ ಆ ಕಾಯಿಲೆ ಬರದ ಹಾಗೆ ತಡೆಯಬಹುದು. ಇಷ್ಟು ಗೊತ್ತಿರುವವನು ನಾನು. ಒಂದು ವಯಲ್, ಅಂದರೆ ಲಸಿಕೆಯ ಒಂದು ಸಣ್ಣ ಸೀಸೆ, ಇಲ್ಲ ಅಂತ ಮಗುವನ್ನು ವಾಪಸ್ ಕಳಿಸಿದ್ದು ಇಡೀ ದಿನ ಗಂಟಲಲ್ಲಿ ಸಿಕ್ಕಿಕೊಂಡ ಹಾಗಿತ್ತು.

ಸಂಜೆ ಎಲ್ಲರೂ ಹೋದ ಮೇಲೆ ನಾಯಿ ಕಡಿತದ ರಿಜಿಸ್ಟರ್ ತೆಗೆದು ಕೂತೆ. ಬೆಳಗ್ಗೆ ಫ್ರಿಜ್ಜಿನಲ್ಲಿ ಎರಡು ವಯಲ್ ಇದ್ದವು. ಒಂಬತ್ತೂವರೆಗೆ ಒಬ್ಬರು, ಹತ್ತು ಗಂಟೆಗೆ ಇನ್ನೊಬ್ಬರು. ಇಬ್ಬರ ಹೆಸರಿನ ಮುಂದೂ ಐ.ಎಂ. ಅಂತ ಬರೆದಿತ್ತು. ಅಂದರೆ ಸ್ನಾಯುವಿಗೆ, ಒಬ್ಬರಿಗೆ ಒಂದು ಇಡೀ ವಯಲ್. ಕೊನೆಯ ಕಾಲಂನಲ್ಲಿ 'ವೇಸ್ಟ್: 0'.

ಆ ಸೊನ್ನೆಯನ್ನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ.

ಇದೇ ಲಸಿಕೆಯನ್ನು ಚರ್ಮದ ಒಳಪದರಕ್ಕೂ ಕೊಡಬಹುದು. ಐ.ಡಿ. ಅಂತೀವಿ. ನಮ್ಮ ದೇಶದಲ್ಲಿ ಇದಕ್ಕೆ 2006ರಲ್ಲೇ ಒಪ್ಪಿಗೆ ಸಿಕ್ಕಿದೆ. ಎರಡು ತೋಳಿಗೂ 0.1 ಮಿ.ಲೀ., ಒಟ್ಟು 0.2 ಮಿ.ಲೀ. ಸಾಕು. ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ನಾಲ್ಕು ಸಲ ಬಂದರೆ ಮುಗಿಯಿತು. ಸ್ನಾಯುವಿಗಾದರೆ 14ನೇ ದಿನವೂ ಸೇರಿ ಐದು ಸಲ ಬರಬೇಕು. ನಮಗೆ ಬರುತ್ತಿದ್ದದ್ದು 1 ಮಿ.ಲೀ. ವಯಲ್. ಬೆಳಗ್ಗೆ ಒಂದೇ ಒಂದು ವಯಲ್ ಒಡೆದಿದ್ದರೆ ಆ ಇಬ್ಬರಿಗೂ ಆಗಿ, ಈ ಹುಡುಗನಿಗೂ ಆಗಿ, ಇನ್ನೂ 0.4 ಮಿ.ಲೀ. ಉಳಿಯುತ್ತಿತ್ತು. ಎರಡನೇ ವಯಲ್ ನಾಳೆಗೆ ಇರುತ್ತಿತ್ತು.

ಹಾಗಾದರೆ ಯಾಕೆ ಐ.ಎಂ. ಕೊಟ್ಟರು? ಕಾರಣ ನನಗೆ ಗೊತ್ತಿತ್ತು. ಇಡೀ ಆಸ್ಪತ್ರೆಗೇ ಗೊತ್ತಿತ್ತು. ಒಡೆದ ವಯಲನ್ನು 6ರಿಂದ 8 ಗಂಟೆಯೊಳಗೆ ಮುಗಿಸಬೇಕು. ಉಳಿದದ್ದನ್ನು ಚೆಲ್ಲಬೇಕು. ಚೆಲ್ಲಿದ್ದನ್ನು ವೇಸ್ಟ್ ಕಾಲಂನಲ್ಲಿ ಬರೆಯಬೇಕು. ನಾಲ್ಕೈದು ಜನ ಒಟ್ಟಿಗೆ ಸಿಕ್ಕರೆ ಮಾತ್ರ ಐ.ಡಿ., ಇಲ್ಲದಿದ್ದರೆ ಐ.ಎಂ. ಅಂತ ರೂಢಿಯಾಗಿಬಿಟ್ಟಿತ್ತು. ಕೆಲವೊಮ್ಮೆ "ನಾಳೆ ಬನ್ನಿ" ಅಂತ ಹೇಳಿ ಕಳಿಸಿದ್ದೂ ಉಂಟು. ಯಾರೂ ಸೋಮಾರಿತನಕ್ಕೆ ಮಾಡಿದ್ದಲ್ಲ. ಔಷಧ ಹಾಳು ಮಾಡಬಾರದು ಅನ್ನೋ ಒಳ್ಳೆ ಮನಸ್ಸಿನಿಂದಲೇ ಮಾಡಿದ್ದು.

ಹಿಂದಿನ ವಾರದ ಹಾಳೆ ತಿರುವಿದೆ. ಸೋಮವಾರ 6 ಜನ, ಮಂಗಳವಾರ 1, ಬುಧವಾರ 2, ಗುರುವಾರ 3, ಶುಕ್ರವಾರ 2, ಶನಿವಾರ 4. ಒಟ್ಟು 18. ಎಲ್ಲರಿಗೂ ಸ್ನಾಯುವಿಗೆ ಕೊಟ್ಟರೆ 18 ವಯಲ್. ಎಲ್ಲರಿಗೂ ಚರ್ಮಕ್ಕೆ ಕೊಟ್ಟರೆ ಸೋಮವಾರ ಎರಡು, ಉಳಿದ ದಿನ ಒಂದೊಂದು. ಒಟ್ಟು 7. ಇನ್ನೊಂದು ಸಲ ಕೂಡಿದೆ. ಏಳೇ ಬಂತು. ಹೌದು, 3.4 ಮಿ.ಲೀ. ಚೆಲ್ಲಬೇಕಾಗುತ್ತೆ. ಆದರೆ 11 ವಯಲ್ ಉಳಿಯುತ್ತೆ.

ಆಮೇಲೆ ಮಂಗಳವಾರದ ಆ ಒಬ್ಬನ ಲೆಕ್ಕ ಹಾಕಿದೆ. ಎಲ್ಲರ ಹೆದರಿಕೆ ಇದ್ದದ್ದು ಅಲ್ಲೇ ಅಲ್ವಾ? ದಿನಕ್ಕೆ ಒಬ್ಬನೇ ಬಂದ ಅಂತಿಟ್ಟುಕೊಳ್ಳಿ. ಐ.ಎಂ. ಕೊಟ್ಟರೂ ಒಂದು ವಯಲ್, ಐ.ಡಿ. ಕೊಟ್ಟರೂ ಒಂದೇ ವಯಲ್. ಐ.ಡಿ.ಯಲ್ಲಿ 0.8 ಮಿ.ಲೀ. ಚೆಲ್ಲುತ್ತೀವಿ. ಐ.ಎಂ.ನಲ್ಲಿ ಆ 0.8 ಅವನ ತೋಳಿನೊಳಗೇ ಹೋಗುತ್ತೆ, ಅಷ್ಟೇ ವ್ಯತ್ಯಾಸ. ಖರ್ಚು ಒಂದು ಹನಿಯೂ ಜಾಸ್ತಿ ಆಗಲ್ಲ. ಇಬ್ಬರು ಬಂದರಂತೂ ಅಲ್ಲಿಂದಲೇ ಉಳಿತಾಯ ಶುರು.

ಮಾರನೇ ದಿನ ಇದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಆಡಳಿತ ವೈದ್ಯಾಧಿಕಾರಿ ಮೇಡಂ ಹತ್ತಿರ ಹೋದೆ. ಇಂಜೆಕ್ಷನ್ ರೂಮಿನ ಹಿರಿಯ ಸಿಸ್ಟರ್ ಕೂಡ ಅಲ್ಲೇ ಇದ್ದರು. ಅವರು ನೇರವಾಗಿ ಕೇಳಿದರು. "ಆಡಿಟ್‌ನೋರು ಬಂದು ಇಷ್ಟು ಯಾಕೆ ವೇಸ್ಟ್ ಅಂದ್ರೆ ಯಾರು ಉತ್ತರ ಕೊಡ್ತಾರೆ? ನೀವು ಕೊಡ್ತೀರಾ?" ಅವರ ಪ್ರಶ್ನೆ ಸರಿಯಾಗೇ ಇತ್ತು. ಪ್ರತಿದಿನ ಸಹಿ ಮಾಡುವವರು ಅವರು.

ಮೇಡಂ ಹಾಳೆಯನ್ನು ಎರಡು ಸಲ ಓದಿದರು. "ಇಷ್ಟು ವಯಲ್‌ನಲ್ಲಿ ಇಷ್ಟು ಜನಕ್ಕೆ ಕೊಟ್ಟೆವು ಅಂತ ಒಂದು ಕಾಲಂ ಸೇರಿಸಿ. ಪ್ರತಿ ತಿಂಗಳು ಅದಕ್ಕೆ ನಾನು ಸಹಿ ಮಾಡ್ತೀನಿ. ಕೇಳಿದರೆ ನನ್ನ ಹತ್ತಿರ ಕಳಿಸಿ" ಅಂದರು. ಸಿಸ್ಟರ್ ಮುಖ ಸ್ವಲ್ಪ ಸಡಿಲವಾಯಿತು.

ಇನ್ನೊಂದು ಸಲಹೆಯೂ ಬಂತು. ವಾರಕ್ಕೆ ಎರಡೇ ದಿನ ಇಂಜೆಕ್ಷನ್ ಅಂತ ಮಾಡಿದರೆ ಇನ್ನೂ ಕಡಿಮೆ ವಯಲ್ ಸಾಕಲ್ವಾ ಅಂತ. ಕಾಗದದ ಮೇಲೆ ನಿಜ, ಇನ್ನೂ ಎರಡು ಮೂರು ವಯಲ್ ಉಳಿಯುತ್ತೆ. ನಾನು ಒಪ್ಪಲಿಲ್ಲ. ಮಂಗಳವಾರ ಕಚ್ಚಿಸಿಕೊಂಡವನನ್ನು ಶುಕ್ರವಾರದವರೆಗೆ ಕಾಯಿಸಿ ಉಳಿಸುವ ವಯಲ್ ನನಗೆ ಉಳಿತಾಯ ಅನ್ನಿಸಲ್ಲ. ಲಸಿಕೆಯ ದಿನ ಹಿಂದೆ ಮುಂದೆ ಮಾಡುವ ಹಾಗಿಲ್ಲ. ಗಂಟೆ ಮಾಡಬಹುದು. 3, 7, 28ನೇ ದಿನಕ್ಕೆ ಬರುವವರಿಗೆಲ್ಲ ಬೆಳಗ್ಗೆ ಹತ್ತರ ಮೇಲೆ ಬನ್ನಿ ಅಂತ ಚೀಟಿಯಲ್ಲಿ ಬರೆದೆವು. ಹತ್ತಕ್ಕೆ ವಯಲ್ ಒಡೆದು, ಮೇಲೆ ಸಮಯ ಬರೆದು, ಫ್ರಿಜ್ಜಿನಲ್ಲಿ ಇಟ್ಟರೆ ಸಂಜೆ ನಾಲ್ಕರವರೆಗೆ ಹೊಸದಾಗಿ ಬಂದವರಿಗೂ ಅದೇ ಆಗುತ್ತೆ. ಆಮೇಲೆ ಒಬ್ಬರೇ ಬಂದರೂ ಹೊಸ ವಯಲ್ ಒಡೆಯೋದು. ಅದರಲ್ಲಿ ಎರಡು ಮಾತಿಲ್ಲ.

ರಾತ್ರಿ ಪಾಳಿಯದ್ದು ಇನ್ನೊಂದು ಕಥೆ. ಅಲ್ಲಿನ ಎಷ್ಟೋ ಸಿಸ್ಟರ್‌ಗಳಿಗೆ ಐ.ಡಿ. ಕೊಟ್ಟು ಅಭ್ಯಾಸ ಇರಲಿಲ್ಲ. ಇನ್ಸುಲಿನ್ ಸಿರಿಂಜಿನ ಸಣ್ಣ ಸೂಜಿಯನ್ನು ಚರ್ಮಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿಯಬೇಕು. ಸರಿಯಾಗಿ ಹೋದರೆ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಗುಳ್ಳೆ ಏಳುತ್ತೆ. ಏಳದಿದ್ದರೆ ಕೆಳಗೆ ಹೋಗಿದೆ ಅಂತ ಅರ್ಥ, ಪಕ್ಕದಲ್ಲಿ ಮತ್ತೆ ಕೊಡಬೇಕು. ಹಿರಿಯ ಸಿಸ್ಟರೇ ಒಂದು ವಾರ ಸಂಜೆ ನಿಂತು ಎಲ್ಲರಿಗೂ ಕಲಿಸಿದರು. ಆಡಿಟ್ ಬಗ್ಗೆ ಕೇಳಿದವರೂ ಅವರೇ. ಈ ಬದಲಾವಣೆ ನಿಂತಿರೋದು ಅವರ ಕೈಯಿಂದ, ನನ್ನ ಲೆಕ್ಕದಿಂದ ಅಲ್ಲ.

ಈ ಲೆಕ್ಕ ಹಾಕುವಾಗೆಲ್ಲ ನನಗೆ ಶಿಮ್ಲಾದ ಡಾ. ಓಮೇಶ್ ಭಾರ್ತಿ ನೆನಪಾಗುತ್ತಿದ್ದರು. ಸೀರಂ ದುಬಾರಿ, ಸಿಗೋದೂ ಕಷ್ಟ. ಅದನ್ನು ಮೈತೂಕದ ಲೆಕ್ಕದಲ್ಲಿ ಸ್ನಾಯುವಿಗೆಲ್ಲ ಚುಚ್ಚುವ ಬದಲು ಗಾಯದೊಳಗೆ, ಗಾಯದ ಸುತ್ತ ಮಾತ್ರ ಹಾಕಿದರೆ ಸಾಕು ಅಂತ ಅವರು ತಮ್ಮ ರೋಗಿಗಳ ದಾಖಲೆ ಇಟ್ಟುಕೊಂಡು ತೋರಿಸಿದರು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದೇ ಕ್ರಮ ಹೇಳಿತು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬಡವರ ಜೀವ ಉಳಿಸೋಕೆ ಕೂತು ಕೂಡಿ ಕಳೆದವರು ಅವರು. ಆ ಮಂಗಳವಾರ ನಮ್ಮ ಡಾಕ್ಟರ್ ಹುಡುಗನ ಮೀನಖಂಡಕ್ಕೆ ಸೀರಂ ಹಾಕಿದ್ದೂ ಅದೇ ರೀತಿ.

ರಿಜಿಸ್ಟರ್‌ಗೆ ನಾನು ಇನ್ನೂ ಒಂದು ಕಾಲಂ ಸೇರಿಸಿದೆ. 'ವಾಪಸ್ ಹೋದವರು'. ಚೆಲ್ಲಿದ ಲಸಿಕೆಗೆ ಕಾಲಂ ಇತ್ತು, ಬಿದ್ದು ಒಡೆದ ಸೀಸೆಗೆ ಇತ್ತು, ಎಕ್ಸ್‌ಪೈರಿ ಆದದ್ದಕ್ಕೂ ಇತ್ತು. ಆ ಅಜ್ಜಿ ಬಂದಿದ್ದರು ಅನ್ನೋದಕ್ಕೆ ನಮ್ಮ ಲಸಿಕೆಯ ಲೆಕ್ಕದಲ್ಲಿ ಒಂದು ಗೆರೆಯೂ ಇರಲಿಲ್ಲ. ಮೊಮ್ಮಗನ ಬಸ್ಸಿನ ಟಿಕೆಟ್, ಅಜ್ಜಿಯ ಒಂದು ಇಡೀ ದಿನ, ಹುಡುಗನ ಸ್ಕೂಲು, ಯಾವುದೂ ಎಲ್ಲೂ ಸೇರಿರಲಿಲ್ಲ. ಆ ಕಾಲಂನಲ್ಲಿ ಮೊದಲ ಹೆಸರು ಆ ಹುಡುಗನದೇ. ಹಿಂದಿನ ತಾರೀಕು ಹಾಕಿ ಬರೆದೆ. ಓಪಿಡಿ ಚೀಟಿಯಿಂದ ಫೋನ್ ನಂಬರ್ ಹುಡುಕಿ, ಮುಂದಿನ ಡೋಸುಗಳಿಗೆ ಇಲ್ಲಿಗೇ ಬನ್ನಿ ಅಂತ ಅವನ ಅಮ್ಮನಿಗೆ ಹೇಳಿದೆ. ಅಷ್ಟರಲ್ಲಿ ಉಗ್ರಾಣದಿಂದ ಸ್ಟಾಕ್ ಬಂದಿತ್ತು.

28ನೇ ದಿನ ಅಜ್ಜಿಯೇ ಕರಕೊಂಡು ಬಂದರು. ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಿದ್ದ ಚೀಟಿ ಬೆವರಿಗೆ ಮೆತ್ತಗಾಗಿತ್ತು. ಹುಡುಗ ಅಂಗಿಯ ಎರಡೂ ತೋಳು ತಾನೇ ಮಡಚಿ ಕೂತ. ಗುಳ್ಳೆ ಎದ್ದದ್ದನ್ನು ಬೆರಳಲ್ಲಿ ಮುಟ್ಟೋಕೆ ಹೋದ, ಸಿಸ್ಟರ್ ಗದರಿದರು. "ಮುಗೀತಾ?" ಅಂದ. "ಮುಗೀತು ಕಣೋ" ಅಂದರು.

ಆ ದಿನ ಬಂದದ್ದು ಒಟ್ಟು ಮೂರೇ ಜನ. ಸಂಜೆ ನಾಲ್ಕಕ್ಕೆ ಉಳಿದ 0.4 ಮಿ.ಲೀ. ಚೆಲ್ಲಿದೆವು. ಸಿಸ್ಟರ್ ವೇಸ್ಟ್ ಕಾಲಂನಲ್ಲಿ ಅದನ್ನು ಬರೆದು ಸಹಿ ಹಾಕಿ, ಪುಸ್ತಕವನ್ನು ನನ್ನ ಕಡೆ ತಳ್ಳಿದರು. ಕೊನೆಯ ಕಾಲಂ ಖಾಲಿ ಇತ್ತು.